ಹಿಂಬದಿ ಬರಿದಾಗಿದ್ದ ಚಿತ್ರಪಟ

ನಮ್ಮ ಹಿರಿಯರ ಪ್ರಾರ್ಥನಾ ಪುಸ್ತಕವನ್ನು ತೆರೆದರೆ ಪುಟಗಳ ನಡುವಿನಿಂದ ಸಂತರ ಚಿಕ್ಕ ಚಿತ್ರಪಟಗಳು ಜಾರಿ ಬೀಳುವುದುಂಟು. ಪ್ರಥಮ ಪರಮಪ್ರಸಾದದ ನೆನಪಿಗೆ ಸಿಕ್ಕಿದ್ದು ಒಂದಾದರೆ, ಯಾರದೋ ಗುರುದೀಕ್ಷೆಯಂದು ಹಂಚಿದ್ದು ಇನ್ನೊಂದು. ಹಿಂಬದಿಯಲ್ಲಿ ಒಂದು ಕಿರು ಪ್ರಾರ್ಥನೆ, ಒಂದು ತಾರೀಕು. ಅಂತಹ ಪಟದಷ್ಟೂ ದೊಡ್ಡದಲ್ಲದ, ಸಂತನದಲ್ಲದ, ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲದ ಒಂದು ಚಿತ್ರದಿಂದ ಈ ವಾರದ ಮಾತನ್ನು ಆರಂಭಿಸುತ್ತಿದ್ದೇನೆ.

ಒಂದೂಮುಕ್ಕಾಲು ಅಂಗುಲ ಅಗಲ, ಎರಡೂವರೆ ಅಂಗುಲ ಉದ್ದದ ತೆಳು ರಟ್ಟಿನ ಚೂರು ಅದು. 1951-52ರ ಆಟದ ಋತುವಿನಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಪಾರ್ಕ್‌ಹರ್ಸ್ಟ್ ಎಂಬ ಕಂಪೆನಿಯು ಚ್ಯೂಯಿಂಗ್ ಗಮ್ ಜೊತೆ ಹೊರತಂದ 105 ಕಾರ್ಡುಗಳ ಮಾಲೆಯಲ್ಲಿ ಇದು ನಾಲ್ಕನೆಯದು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹೆಸರು, ತಂಡ, ಋತುವಿನ ವರ್ಷ, ಅಷ್ಟೇ. ಮುದ್ರಣವೂ ಒರಟು. ಕಾರ್ಡುಗಳನ್ನು ಬೆರೆಸುವುದಕ್ಕಾಗಿ ಸಿಮೆಂಟು ಕಲಸುವ ಯಂತ್ರದಲ್ಲಿ ಹಾಕಿ ತಿರುಗಿಸುತ್ತಿದ್ದರೆಂದೂ, ಮೂಲೆ ಮುಕ್ಕಾಗದ ಪ್ರತಿಗಳು ದುರ್ಲಭವಾಗಿರುವುದು ಅದರಿಂದಲೇ ಎಂದೂ ಸಂಗ್ರಾಹಕರ ನಡುವೆ ಒಂದು ಮಾತಿದೆ. ಮಕ್ಕಳು ಕೆಲವು ಕಾಸಿಗೆ ಕೊಂಡು, ಜೇಬಿನಲ್ಲಿ ಮಡಚಿ, ಗೋಡೆಗೆ ಹೊಡೆದು ಆಡಿದ ಆ ಚೂರುಗಳನ್ನು ಇಂದು ಶ್ರೀಮಂತರು ಗಾಜಿನೊಳಗಿಟ್ಟು ಕಾಯುತ್ತಾರೆ. ಅದರ ಮೇಲಿರುವ ಹೆಸರು ಮೊರೀಸ್ ರಿಶಾರ್. ಇಂಗ್ಲಿಷಿನಲ್ಲಿ ಓದುವವರು ರಿಚರ್ಡ್ ಎನ್ನುವರು. ಅವರ ಜನರ ಭಾಷೆ ಫ್ರೆಂಚಾದುದರಿಂದ ರಿಶಾರ್ ಎನ್ನುವುದೇ ಸರಿ.

ಸಂತರಿಗೂ ಗುರುಗಳಿಗೂ ಮೀಸಲಾದ ಈ ಅಂಕಣದಲ್ಲಿ ಒಬ್ಬ ಆಟಗಾರನಿಗೆ, ಅದರಲ್ಲೂ ಮೂಗಿನ ತುದಿಯಲ್ಲೇ ಕೋಪವಿದ್ದ ಆಟಗಾರನಿಗೆ, ಸ್ಥಳವೇಕೆಂದು ಕೆಲವರಿಗೆ ಅನ್ನಿಸಬಹುದು. ರಿಶಾರ್ ಸಂತರಲ್ಲ, ಹಾಗೆಂದು ಯಾರೂ ಹೇಳಿಲ್ಲ. ಆದರೆ ಒಂದು ಇಡೀ ಕಥೋಲಿಕ ಜನಾಂಗ ತನ್ನ ಅಭಿಮಾನವನ್ನೂ ಅವಮಾನವನ್ನೂ ಒಬ್ಬ ಮನುಷ್ಯನ ಹೆಗಲ ಮೇಲೆ ಹೊರಿಸಿದಾಗ ಅವನಿಗೇನಾಗುತ್ತದೆ, ಅವನು ಏನು ಮಾಡಬೇಕಾಗುತ್ತದೆ ಎಂಬುದನ್ನು ಅವರ ಬಾಳಿನಲ್ಲಿ ಕಾಣಬಹುದು.

ಇಲ್ಲಿ ಹೇಳುತ್ತಿರುವುದು ನಾವು ಬಲ್ಲ ಹುಲ್ಲಿನ ಮೈದಾನದ ಹಾಕಿಯಲ್ಲ. ಮಂಜುಗಡ್ಡೆಯ ಅಂಗಳದಲ್ಲಿ, ಬೂಟಿನಡಿ ಉಕ್ಕಿನ ಅಲಗು ಕಟ್ಟಿಕೊಂಡು, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆಯನ್ನು ಬಾರಿಸುವ ಆಟವಿದು. ಒಂದು ತಂಡಕ್ಕೆ ಒಮ್ಮೆಗೆ ಗೋಲುರಕ್ಷಕನೂ ಸೇರಿ ಆರು ಮಂದಿ. ವೇಗ ಹೆಚ್ಚು, ಮೈಗೆ ಮೈ ತಾಗಿಸುವುದಕ್ಕೆ ನಿಯಮದ ಒಪ್ಪಿಗೆಯೂ ಇದೆ. ಹೊಡೆದಾಟ ಅಪರೂಪವಲ್ಲ.

ಮೊರೀಸ್ ಹುಟ್ಟಿದ್ದು 1921ರ ಆಗಸ್ಟ್ 4ರಂದು, ಕ್ವೆಬೆಕ್ ಪ್ರಾಂತದ ಮಾಂಟ್ರಿಯಲ್ ನಗರದಲ್ಲಿ. ತಂದೆ ಒನೆಸೀಮ್, ತಾಯಿ ಆಲಿಸ್. ಇಬ್ಬರೂ ಗಾಸ್ಪೆ ಎಂಬ ಕಡಲ ತೀರದ ಸೀಮೆಯಿಂದ ಹೊಟ್ಟೆಪಾಡಿಗಾಗಿ ನಗರಕ್ಕೆ ಬಂದವರು. ಎಂಟು ಮಕ್ಕಳಲ್ಲಿ ಮೊರೀಸ್ ಹಿರಿಯರು. ತಂದೆಗೆ ರೈಲ್ವೆ ಕಂಪೆನಿಯಲ್ಲಿ ಕೆಲಸ. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಕೆಲಸವೂ ಹೋಗಿ, ಕುಟುಂಬವು ಕೆಲವು ವರ್ಷ ಸರಕಾರದ ನೆರವಿನ ಮೇಲೆ ಬದುಕಬೇಕಾಯಿತು. ನಗರದ ಉತ್ತರದಂಚಿನ ಬೋರ್ಡೊ ಬಡಾವಣೆಯಲ್ಲಿ ಅವರ ಮನೆ. ಚಳಿಗಾಲದಲ್ಲಿ ಸಮೀಪದ ಹೊಳೆ ಹೆಪ್ಪುಗಟ್ಟುತ್ತಿತ್ತು. ಹಿತ್ತಿಲಲ್ಲಿಯೂ ತಂದೆ ಪುಟ್ಟ ಮಂಜಿನಂಗಳ ಮಾಡಿಕೊಡುತ್ತಿದ್ದರು. ನಾಲ್ಕು ವರ್ಷದ ಮಗು ಅಲ್ಲಿಯೇ ಜಾರಲು ಕಲಿಯಿತು. ಹದಿನಾರಕ್ಕೆ ಶಾಲೆ ಬಿಟ್ಟು ತಂದೆಯ ಬಳಿ ಯಂತ್ರದ ಕೆಲಸಕ್ಕೆ ನಿಂತದ್ದಾಯಿತು. ಹಾಕಿಯ ಹುಚ್ಚು ಎಷ್ಟಿತ್ತೆಂದರೆ ಒಂದೇ ಕಾಲಕ್ಕೆ ಹಲವು ತಂಡಗಳಲ್ಲಿ ಆಡುವುದಕ್ಕಾಗಿ ರೋಶಾನ್ ಎಂಬ ಸುಳ್ಳು ಹೆಸರನ್ನೂ ಇಟ್ಟುಕೊಂಡಿದ್ದರು.

ಅಂದಿನ ಕ್ವೆಬೆಕ್ಕಿನ ಬಗ್ಗೆ ಎರಡು ಮಾತು ಅಗತ್ಯ. ಜನರಲ್ಲಿ ಬಹುಪಾಲು ಫ್ರೆಂಚ್ ಭಾಷಿಕ ಕಥೋಲಿಕರು. ಶಾಲೆ, ಆಸ್ಪತ್ರೆ, ಅನಾಥಾಲಯಗಳು ಧರ್ಮಸಭೆಯ ಕೈಯಲ್ಲಿ. ಕಾರ್ಖಾನೆ, ಬ್ಯಾಂಕು, ದೊಡ್ಡ ವ್ಯಾಪಾರ ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರ ಕೈಯಲ್ಲಿ. ಸ್ವಂತ ನಾಡಿನಲ್ಲಿ, ಸ್ವಂತ ಊರಿನ ಅಂಗಡಿಯಲ್ಲಿ ಪರಭಾಷೆಯಲ್ಲಿ ಕೇಳಿ ಪಡೆಯಬೇಕಾದ ಸ್ಥಿತಿ. ದೊಡ್ಡ ಕುಟುಂಬ, ಸಣ್ಣ ಸಂಬಳ. 1950ರಿಂದ ಮಹಾಧರ್ಮಾಧ್ಯಕ್ಷ ಪೋಲ್-ಎಮೀಲ್ ಲೆಜೆಯವರು ಪ್ರತಿ ಸಂಜೆ 7 ಗಂಟೆಗೆ ರೇಡಿಯೋದಲ್ಲಿ ಜಪಸರ ನಡೆಸಿಕೊಡುತ್ತಿದ್ದರು. ಮನೆಮಂದಿಯೆಲ್ಲ ರೇಡಿಯೋದ ಸುತ್ತ ಮೊಣಕಾಲೂರಿ ಉತ್ತರ ಕೊಡುತ್ತಿದ್ದರು. ಶನಿವಾರವಾದರೆ ಅದೇ ರೇಡಿಯೋದಲ್ಲಿ ಹಾಕಿಯ ವಿವರಣೆಯೂ ಬರುತ್ತಿತ್ತು. ಎರಡನ್ನೂ ಕಿವಿಗೊಟ್ಟು ಕೇಳಿ ಬೆಳೆದ ಒಂದು ಪೀಳಿಗೆಯೇ ಅಲ್ಲಿದೆ.

ಮೊರೀಸರ ಆರಂಭ ಮಾತ್ರ ಅಶುಭವಾಗಿತ್ತು. 1940ರಲ್ಲಿ ಹಿರಿಯರ ತಂಡದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಕಾಲಿನ ಹರಡು ಮುರಿಯಿತು, ಮರುವರ್ಷ ಮಣಿಕಟ್ಟು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಲು ಹೋದರೆ ಎಲುಬು ಸರಿಯಾಗಿ ಕೂಡಿಲ್ಲವೆಂದು ತಿರಸ್ಕೃತರಾದರು. 1942ರ ಸೆಪ್ಟೆಂಬರ್ 12ರಂದು, ತಾವು ಬಲ್ಲ ಗೆಳೆಯನೊಬ್ಬನ ತಂಗಿ ಲುಸೀಲ್ ನೋರ್ಶೆಯನ್ನು ವಿವಾಹವಾದರು. ಅದೇ ಅಕ್ಟೋಬರಿನ ಕೊನೆಗೆ ಮಾಂಟ್ರಿಯಲ್ ಕನೇಡಿಯನ್ಸ್ ತಂಡದಲ್ಲಿ, ಅಂದರೆ ರಾಷ್ಟ್ರೀಯ ಹಾಕಿ ಲೀಗಿನಲ್ಲಿ, ಮೊದಲ ಪಂದ್ಯ. ನವೆಂಬರ್ 8ರಂದು ನ್ಯೂಯಾರ್ಕ್ ತಂಡದ ಎದುರು ಮೊದಲ ಗೋಲು. ಹದಿನಾರು ಪಂದ್ಯಗಳಾಗುವಷ್ಟರಲ್ಲಿ, ಕ್ರಿಸ್ಮಸ್ ಕಳೆದು ಎರಡೇ ದಿನಕ್ಕೆ, ಬಲಗಾಲು ಮುರಿಯಿತು. ಗಾಜಿನ ಮೈಯವನೆಂದು ಜನ ಆಡಿಕೊಂಡರು; ತಂಡದವರೂ ಅವರನ್ನು ಬಿಟ್ಟುಕೊಡುವ ಯೋಚನೆ ಮಾಡಿದ್ದರು.

1943ರ ಅಕ್ಟೋಬರಿನಲ್ಲಿ ಮೊದಲ ಮಗಳು ಹುಟ್ಟಿದಳು. ಕೂಸಿನ ತೂಕ ಒಂಬತ್ತು ಪೌಂಡು. ಹಿಗ್ಗಿದ ತಂದೆ ತರಬೇತುದಾರ ಡಿಕ್ ಅರ್ವಿನ್ ಅವರ ಬಳಿ ಹೋಗಿ, ತಮ್ಮ ಅಂಗಿಯ ಮೇಲಿದ್ದ 15ನೇ ಸಂಖ್ಯೆಯನ್ನು 9ಕ್ಕೆ ಬದಲಾಯಿಸಬೇಕೆಂದು ಕೇಳಿಕೊಂಡರು. ಮುಂದೆ ಕ್ವೆಬೆಕ್ಕಿನ ಪ್ರತಿ ಹುಡುಗನೂ ಬೆನ್ನ ಮೇಲೆ ಹೊರಲು ಹಂಬಲಿಸಿದ ಆ ಸಂಖ್ಯೆಯ ಮೂಲ ಹೀಗೆ ತೊಟ್ಟಿಲಲ್ಲಿದೆ. ಮೊರೀಸ್-ಲುಸೀಲ್ ದಂಪತಿಗೆ ಒಟ್ಟು ಏಳು ಮಕ್ಕಳಾದರು.

ಆ ಋತುವಿನಿಂದ ಕಾಲು ಮುರಿಯುವ ಹುಡುಗ ಕಾಣೆಯಾಗಿ ಬೇರೊಬ್ಬನು ಬಂದಂತಾಯಿತು. ಎಲ್ಮರ್ ಲಾಕ್ ನಡುವೆ, ಟೋ ಬ್ಲೇಕ್ ಎಡಕ್ಕೆ, ರಿಶಾರ್ ಬಲಕ್ಕೆ: ಈ ಮೂವರ ಸಾಲು ಎದುರಾಳಿಗಳಿಗೆ ದುಃಸ್ವಪ್ನವಾಯಿತು. ಎಡಗೈ ಆಟಗಾರರಾಗಿದ್ದೂ ಬಲಪಾರ್ಶ್ವದಲ್ಲಿ ಆಡುತ್ತಿದ್ದ ರಿಶಾರ್, ಎದುರಾಳಿಯ ಗಡಿರೇಖೆ ದಾಟಿದ ಮೇಲೆ ನೇರವಾಗಿ ಗೋಲಿನತ್ತ ನುಗ್ಗುತ್ತಿದ್ದ ರಭಸವನ್ನು ಕಂಡು ಸಹ ಆಟಗಾರ ರೇ ಗೆಟ್ಲಿಫ್ ರಾಕೆಟ್ ಎಂಬ ಹೆಸರಿಟ್ಟರು. ಅದು ಕೊನೆಯವರೆಗೂ ಅಂಟಿಕೊಂಡಿತು. 1944ರ ಮಾರ್ಚ್ 23ರಂದು ಟೊರಾಂಟೊ ವಿರುದ್ಧ ಕನೇಡಿಯನ್ಸ್ 5-1ರಿಂದ ಗೆದ್ದಾಗ ಐದೂ ಗೋಲುಗಳು ಅವರವೇ. ಪಂದ್ಯದ ಮೂವರು ಶ್ರೇಷ್ಠರನ್ನು ಹೆಸರಿಸುವ ಸಂಪ್ರದಾಯ ಅಲ್ಲಿದೆ. ಆ ರಾತ್ರಿ ಮೂರೂ ಸ್ಥಾನಗಳಿಗೆ ಒಂದೇ ಹೆಸರನ್ನು ಕೂಗಿದರು. ಆ ವರ್ಷ ತಂಡಕ್ಕೆ ಹದಿಮೂರು ವರ್ಷಗಳ ಬಳಿಕ ಸ್ಟ್ಯಾನ್ಲಿ ಕಪ್ ದೊರೆಯಿತು.

ಅದೇ ವರ್ಷದ ಡಿಸೆಂಬರ್ 28, ನಿರ್ದೋಷಿ ಶಿಶುಗಳ ಹಬ್ಬದ ದಿನ, ರಿಶಾರ್ ಹೊಸ ಬಾಡಿಗೆ ಮನೆಗೆ ಮಂಚ, ಮೇಜು, ಪೆಟ್ಟಿಗೆಗಳನ್ನು ಹೊತ್ತು ಸಾಗಿಸಿ ದಣಿದು ಆಟಕ್ಕೆ ಬಂದರು. ತಮ್ಮಿಂದ ಈ ಹೊತ್ತು ಹೆಚ್ಚೇನನ್ನೂ ನಿರೀಕ್ಷಿಸಬಾರದೆಂದು ಸಂಗಾತಿಗಳಿಗೆ ಮೊದಲೇ ಹೇಳಿದ್ದರಂತೆ. ಡೆಟ್ರಾಯಿಟ್ ವಿರುದ್ಧ 9-1ರ ಆ ಗೆಲುವಿನಲ್ಲಿ ಐದು ಗೋಲು ಅವರೇ ಹೊಡೆದು ಇನ್ನೂ ಮೂರಕ್ಕೆ ನೆರವಾದರು. ಒಂದೇ ಪಂದ್ಯದಲ್ಲಿ ಎಂಟು ಅಂಕಗಳು ಅಲ್ಲಿಯವರೆಗೆ ಲೀಗಿನಲ್ಲಿ ಯಾರಿಗೂ ಸಂದಿರಲಿಲ್ಲ.

ಆದರೆ 1944-45ರ ಋತುವನ್ನು ಜನ ನೆನೆಯುವುದು ಬೇರೊಂದು ಸಂಖ್ಯೆಗಾಗಿ. 1917-18ರಲ್ಲಿ ಜೋ ಮ್ಯಾಲೋನ್ ಇಪ್ಪತ್ತು ಪಂದ್ಯಗಳಲ್ಲಿ 44 ಗೋಲು ಹೊಡೆದದ್ದು ಇಪ್ಪತ್ತೇಳು ವರ್ಷ ಕಾಲ ದಾಖಲೆಯಾಗಿ ನಿಂತಿತ್ತು. ಫೆಬ್ರವರಿ 25ರಂದು ರಿಶಾರ್ 45ನೆಯದನ್ನು ಹೊಡೆದಾಗ, ವಯಸ್ಸಾದ ಮ್ಯಾಲೋನರೇ ಅಂಗಳಕ್ಕಿಳಿದು ಆ ಬಿಲ್ಲೆಯನ್ನು ಅವರ ಕೈಗಿತ್ತರು. ಸೋತವನ ಕೈಯಿಂದ ಗೆದ್ದವನಿಗೆ ಬಂದ ಆ ಉಡುಗೊರೆಯನ್ನು ನಾನು ಗೋಲಿಗಿಂತ ದೊಡ್ಡದೆಂದು ಎಣಿಸುತ್ತೇನೆ. ಅಲ್ಲಿಂದ ಮುಂದೆ ಪ್ರತಿ ತಂಡವೂ ಐವತ್ತು ತಲುಪಗೊಡಬಾರದೆಂದು ಅವರನ್ನು ಕೋಲಿನಿಂದ, ಮೊಣಕೈಯಿಂದ, ಮೈಯಿಂದ ತಡೆಯಿತು. ಮಾರ್ಚ್ 18 ಋತುವಿನ ಕಟ್ಟಕಡೆಯ ಪಂದ್ಯ. ಆಗಿನ ಪೂಜಾ ಪಂಚಾಂಗದಂತೆ ಯಾತನೆಯ ಭಾನುವಾರ. ಬಾಸ್ಟನ್ ನಗರದಲ್ಲಿ ಆಟ ಮುಗಿಯಲು ಎರಡೇಕಾಲು ನಿಮಿಷವಿದ್ದಾಗ ಐವತ್ತನೆಯ ಗೋಲು ಬಿತ್ತು. ಐವತ್ತು ಪಂದ್ಯಗಳಲ್ಲಿ ಐವತ್ತು. ಒಳ್ಳೆಯ ಆಟಗಾರರೆಲ್ಲ ಯುದ್ಧಕ್ಕೆ ಹೋಗಿದ್ದಾಗ ಗಳಿಸಿದ್ದೆಂದು ಹುಳಿ ಹಿಂಡಿದವರೂ ಇದ್ದರು. ಯುದ್ಧ ಮುಗಿದು ಎಲ್ಲರೂ ಮರಳಿದ ಮೇಲೆ, 1946-47ರಲ್ಲಿ, ರಿಶಾರ್ 45 ಗೋಲು ಹೊಡೆದು ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನು ಪಡೆದರು. ಐವತ್ತು ಪಂದ್ಯಗಳಲ್ಲಿ ಐವತ್ತು ಗೋಲುಗಳ ಸಾಧನೆಯನ್ನು 1981ರ ಜನವರಿಯವರೆಗೆ ಯಾರೂ ಸರಿಗಟ್ಟಲಿಲ್ಲ. ಸರಿಗಟ್ಟಿದ ಮೈಕ್ ಬಾಸಿ ಕೂಡ ಮಾಂಟ್ರಿಯಲ್ಲಿನವರೇ.

ಇಷ್ಟೆಲ್ಲ ಆದ ಮೇಲೆ 1951ರ ಕಾರ್ಡನ್ನು ಸಂಗ್ರಾಹಕರು ಅವರ ಮೊದಲ ಕಾರ್ಡು, ಹೊಸಬನ ಕಾರ್ಡು, ಎಂದು ಕರೆಯುವುದು ವಿಚಿತ್ರವೇ ಸರಿ. ಯುದ್ಧಕಾಲದ ಕಾಗದದ ಅಭಾವದಿಂದ ಇಂತಹ ಕಾರ್ಡುಗಳ ಮುದ್ರಣ ನಿಂತು ಹೋಗಿ, ಹತ್ತು ವರ್ಷಗಳ ಬಳಿಕ ಮತ್ತೆ ತೊಡಗಿದ್ದು ಅದಕ್ಕೆ ಕಾರಣ. ನಡುವಿನ ಕಾಲದಲ್ಲಿ ಮಕ್ಕಳು ಜೋಳದ ಪಾಕದ ಡಬ್ಬಿಯ ಗುರುತನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸಿ ಆಟಗಾರರ ಭಾವಚಿತ್ರ ತರಿಸಿಕೊಳ್ಳುತ್ತಿದ್ದರು. ಕಾರ್ಡು ಹೊರಬರುವಾಗ ರಿಶಾರರಿಗೆ ಮೂವತ್ತು ತುಂಬಿತ್ತು.

ಆ ಕಾರ್ಡಿನ ಋತುವಿನಲ್ಲೇ, 1952ರ ಏಪ್ರಿಲ್ 8ರಂದು, ಪವಿತ್ರ ವಾರದ ಮಂಗಳವಾರ, ಬಾಸ್ಟನ್ ವಿರುದ್ಧದ ನಿರ್ಣಾಯಕ ಏಳನೆಯ ಪಂದ್ಯ. ಡಿಕ್ಕಿಯೊಂದರಲ್ಲಿ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ ರಿಶಾರ್, ಹೊಲಿಗೆ ಹಾಕಿಸಿಕೊಂಡು ಕೊನೆಯ ಭಾಗಕ್ಕೆ ಮರಳಿದರು. ಅರೆಮಂಪರಿನಲ್ಲೇ ಎದುರಾಳಿಗಳ ಸಾಲನ್ನು ಬಳಸಿ ದಾಟಿ ಗೆಲುವಿನ ಗೋಲು ಹೊಡೆದರು. ಪಂದ್ಯದ ಬಳಿಕ ತೆಗೆದ ಛಾಯಾಚಿತ್ರವೊಂದಿದೆ: ಹಣೆಗೆ ಪಟ್ಟಿ, ಕೆನ್ನೆಯ ಮೇಲೆ ರಕ್ತದ ಗೆರೆ, ಎದುರು ತಂಡದ ಗೋಲುರಕ್ಷಕ ಜಿಮ್ ಹೆನ್ರಿ, ತಾನೂ ಗಾಯಗೊಂಡವನು, ತುಸು ಬಾಗಿ ಅವರ ಕೈ ಕುಲುಕುತ್ತಿದ್ದಾನೆ. ಒಳಗೆ ಉಡುಪು ಬದಲಿಸುವ ಕೋಣೆಗೆ ಹೋದ ಮೇಲೆ ರಿಶಾರ್ ತಡೆಯಲಾರದೆ ಗದಗದಿಸಿ ಅತ್ತರು. ಕಪ್ ಮಾತ್ರ ಆ ವರ್ಷ ಡೆಟ್ರಾಯಿಟಿನ ಪಾಲಾಯಿತು. ಅದೇ ವರ್ಷದ ನವೆಂಬರ್ 8ರಂದು, ಮೊದಲ ಗೋಲಿಗೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, ಅವರು 325ನೆಯ ಗೋಲು ಹೊಡೆದು ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರೆನಿಸಿದರು.

ಇನ್ನು ಕೋಪದ ಮಾತು. ರಿಶಾರ್ ತಾವಾಗಿ ಜಗಳ ಹುಡುಕುತ್ತಿದ್ದರೆನ್ನಲಾಗದು. ಆದರೆ ಕೆಣಕಿದರೆ ಕೆರಳುವರೆಂದು ಎಲ್ಲ ತಂಡಗಳಿಗೂ ಗೊತ್ತಿತ್ತು, ಕೆಣಕುವುದಕ್ಕೆಂದೇ ಆಟಗಾರರನ್ನು ಬಿಡುತ್ತಿದ್ದರು. ಫ್ರೆಂಚರನ್ನು ಹೀನೈಸುವ ಬೈಗುಳಗಳೂ ಕಿವಿಗೆ ಬೀಳುತ್ತಿದ್ದವು. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಆಕ್ಸ್‌ಫರ್ಡಿನಲ್ಲಿ ಓದಿದ ವಕೀಲರು, ಸೈನ್ಯದಲ್ಲಿದ್ದವರು, ಇಂಗ್ಲಿಷ್ ಭಾಷಿಕರು. ಅವರು ಫ್ರೆಂಚ್ ಆಟಗಾರರಿಗೆ ಒಂದು ಅಳತೆ, ಇತರರಿಗೆ ಇನ್ನೊಂದು ಅಳತೆ ಹಿಡಿಯುವರೆಂಬುದು ಜನರ ನಂಬಿಕೆ. 1954ರ ಆರಂಭದಲ್ಲಿ ಫ್ರೆಂಚ್ ವಾರಪತ್ರಿಕೆಯೊಂದರಲ್ಲಿ ತಮ್ಮ ಹೆಸರಿನ ಅಂಕಣದಲ್ಲಿ ಕ್ಯಾಂಬೆಲ್ಲರನ್ನು ಸರ್ವಾಧಿಕಾರಿ ಎಂದು ಟೀಕಿಸಿದ್ದಕ್ಕೆ ರಿಶಾರ್ ಕ್ಷಮೆ ಕೇಳಿ, ಸಾವಿರ ಡಾಲರು ಠೇವಣಿ ಇಟ್ಟು, ಅಂಕಣವನ್ನೇ ನಿಲ್ಲಿಸಬೇಕಾಯಿತು. ಅಂಕಣ ಬರೆಯುವವನಾಗಿ ಈ ಪ್ರಸಂಗ ನನಗೆ ತುಸು ಚುರುಕು ಮುಟ್ಟಿಸುತ್ತದೆ.

1955ರ ಮಾರ್ಚ್ 13ರ ಭಾನುವಾರ ಬಾಸ್ಟನ್ನಿನಲ್ಲಿ ಹ್ಯಾಲ್ ಲೇಕೋ ಎಂಬಾತನ ಕೋಲು ರಿಶಾರರ ತಲೆಗೆ ತಾಗಿ ರಕ್ತ ಸುರಿಯಿತು. ರಿಶಾರ್ ಕೋಲೆತ್ತಿ ಅವನನ್ನು ಹೊಡೆದರು, ಬಿಡಿಸಿದರೂ ಮತ್ತೆ ನುಗ್ಗಿದರು. ಹಿಡಿದುಕೊಂಡ ರೇಖಾನಿರ್ಣಾಯಕ ಕ್ಲಿಫ್ ಥಾಮ್ಸನ್ ಅವರ ಮುಖಕ್ಕೆ ಎರಡು ಬಾರಿ ಗುದ್ದಿದರು. ಅದೇ ಋತುವಿನಲ್ಲಿ ಇನ್ನೊಬ್ಬ ನಿರ್ಣಾಯಕನ ಮೇಲೂ ಕೈ ಮಾಡಿ ದಂಡ ತೆತ್ತಿದ್ದರು. ತಪ್ಪು ಅವರದು, ಇದರಲ್ಲಿ ಎರಡು ಮಾತಿಲ್ಲ. ಮಾರ್ಚ್ 16ರಂದು ವಿಚಾರಣೆ ನಡೆಸಿದ ಕ್ಯಾಂಬೆಲ್, ಋತುವಿನ ಉಳಿದ ಪಂದ್ಯಗಳಿಂದಲೂ ಕಪ್ಪಿನ ಪಂದ್ಯಗಳಿಂದಲೂ ಅವರನ್ನು ಹೊರಗಿಟ್ಟರು. ಶಿಕ್ಷೆ ತಪ್ಪಿಗಿಂತ ಭಾರವಾಯಿತೆಂದು ನನ್ನ ಎಣಿಕೆ.

ಮರುದಿನ ಮಾರ್ಚ್ 17, ಸಂತ ಪ್ಯಾಟ್ರಿಕರ ಹಬ್ಬ, ತಪಸ್ಸು ಕಾಲದ ಗುರುವಾರ. ಪೊಲೀಸರು, ನಗರಾಧ್ಯಕ್ಷರು ಬೇಡವೆಂದರೂ ಕೇಳದೆ ಕ್ಯಾಂಬೆಲ್ ಮಾಂಟ್ರಿಯಲ್ಲಿನ ಫೋರಂ ಕ್ರೀಡಾಂಗಣಕ್ಕೆ ಬಂದು ತಮ್ಮ ಆಸನದಲ್ಲಿ ಕುಳಿತರು. ಮೊಟ್ಟೆ, ಟೊಮೆಟೊಗಳ ಮಳೆಯಾಯಿತು. ಯಾರೋ ಅಶ್ರುವಾಯುವಿನ ಡಬ್ಬಿಯನ್ನು ಸಿಡಿಸಿದರು. 4-1ರಿಂದ ಮುಂದಿದ್ದ ಡೆಟ್ರಾಯಿಟಿಗೆ ಪಂದ್ಯವನ್ನು ಬಿಟ್ಟುಕೊಟ್ಟು ಜನರನ್ನು ಹೊರಗೆ ಕಳುಹಿಸಿದರು. ಹೊರಗೆ ಸೇಂಟ್ ಕ್ಯಾಥರೀನ್ ಬೀದಿಯಲ್ಲಿ ಸಾವಿರಾರು ಜನ. ಅಂಗಡಿಗಳ ಗಾಜು ಪುಡಿಯಾಯಿತು, ವಾಹನಗಳು ಮಗುಚಿದವು, ಬೆಂಕಿ ಬಿದ್ದಿತು, ಅಂಗಡಿಗಳು ಲೂಟಿಯಾದವು. ಹತ್ತಾರು ಮಂದಿಗೆ ಗಾಯವಾಯಿತು, ಹತ್ತಾರು ಮಂದಿ ಬಂಧಿತರಾದರು. ಉಪವಾಸ, ಪ್ರಾಯಶ್ಚಿತ್ತದ ದಿನಗಳಲ್ಲಿ ದಿನವೂ ಜಪಸರ ಹೇಳುವ ಊರು ಹೀಗೆ ಉರಿಯಿತು. ಅದು ಆಟದ ವಿಷಯ ಮಾತ್ರವಾಗಿರಲಿಲ್ಲ. ತಲೆಮಾರುಗಳಿಂದ ನುಂಗಿಕೊಂಡಿದ್ದುದು ಆ ರಾತ್ರಿ ಹೊರಬಂತು. 1960ರ ಬಳಿಕ ಕ್ವೆಬೆಕ್ಕಿನಲ್ಲಾದ ದೊಡ್ಡ ಸಾಮಾಜಿಕ ಬದಲಾವಣೆಗೆ ಇದೇ ನಾಂದಿ ಎನ್ನುವ ಇತಿಹಾಸಕಾರರಿದ್ದಾರೆ. ಅಷ್ಟು ದೂರ ಎಳೆಯಬಾರದೆನ್ನುವವರೂ ಇದ್ದಾರೆ.

ಆಗ ಎಲ್ಲರ ಕಣ್ಣು ಒಬ್ಬ ಮನುಷ್ಯನ ಮೇಲೆ. ರಿಶಾರ್ ಹೆಚ್ಚು ಮಾತಿನವರಲ್ಲ. ಭಾಷಣ ಅವರ ಜಾಯಮಾನವೂ ಅಲ್ಲ. ಅವರ ಒಂದು ಮಾತು ಸಾಕಿತ್ತು, ಮರುರಾತ್ರಿ ಇನ್ನಷ್ಟು ಉರಿಯುತ್ತಿತ್ತು. ಒಂದು ಮೌನವೂ ಸಾಕಿತ್ತು. ಮಾರ್ಚ್ 18ರ ಸಂಜೆ ಅವರು ರೇಡಿಯೋದಲ್ಲಿ ಮೊದಲು ಫ್ರೆಂಚಿನಲ್ಲಿ, ಬಳಿಕ ಇಂಗ್ಲಿಷಿನಲ್ಲಿ, ಜನರು ಶಾಂತರಾಗಬೇಕೆಂದೂ, ತಂಡಕ್ಕೆ ಬೆಂಬಲ ನೀಡಬೇಕೆಂದೂ, ತಾವು ಶಿಕ್ಷೆಯನ್ನು ಅನುಭವಿಸಿ ಮುಂದಿನ ವರ್ಷ ಮರಳುವೆವೆಂದೂ ಕೇಳಿಕೊಂಡರು. ತಮಗೆ ಅನ್ಯಾಯವಾಗಿದೆ ಎಂದು ನಂಬಿದ್ದ ಮನುಷ್ಯ, ತನ್ನ ಪರವಾಗಿ ಸಿಟ್ಟಿಗೆದ್ದ ಸ್ವಂತ ಜನರನ್ನು ತಡೆಯಬೇಕಾಗಿತ್ತು. ಆ ರಾತ್ರಿ ಬೀದಿ ಶಾಂತವಾಗಿತ್ತು. ಜೀವಮಾನದಲ್ಲಿ ಕೆರಳಿದಾಗಲೆಲ್ಲ ಕೈಯೆತ್ತಿದ ರಿಶಾರ್ ಅತ್ಯಂತ ಕೆರಳಬೇಕಾದ ಹೊತ್ತಿನಲ್ಲಿ ಕೈಯನ್ನು ಇಳಿಸಿದರು. 544 ಗೋಲುಗಳನ್ನು ಎಣಿಸಿದವರು ಇದನ್ನು ಎಣಿಸುವುದಿಲ್ಲ.

ನಷ್ಟವೂ ಆಯಿತು. ಆ ಋತುವಿನ ಒಟ್ಟು ಅಂಕಗಳ ಪ್ರಶಸ್ತಿ ಒಂದೇ ಅಂಕದಿಂದ ಕೈತಪ್ಪಿ ತಮ್ಮದೇ ತಂಡದ ಬೆರ್ನಾರ್ ಜೆಫ್ರಿಯೋನ್ ಅವರಿಗೆ ಹೋಯಿತು. ಪಾಪ, ತಮ್ಮ ಕೆಲಸ ಮಾಡಿದ ಜೆಫ್ರಿಯೋನರನ್ನು ಸ್ವಂತ ಊರಿನ ಜನವೇ ಕೂಗಿ ಅವಮಾನಿಸಿದರು. ಗೋಲು ಗಳಿಕೆಯಲ್ಲಿ ಐದು ಋತುಗಳಲ್ಲಿ ಮುಂದಿದ್ದ ರಿಶಾರರಿಗೆ ಆ ಪ್ರಶಸ್ತಿ ಎಂದೂ ಸಿಗಲಿಲ್ಲ. ಕಪ್ ಕೂಡ ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ ಡೆಟ್ರಾಯಿಟಿಗೆ ಹೋಯಿತು.

ಮುಂದಿನ ವರ್ಷ ಹಳೆಯ ಸಂಗಾತಿ ಟೋ ಬ್ಲೇಕ್ ತರಬೇತುದಾರರಾದರು. ಹದಿನೈದು ವರ್ಷ ಕಿರಿಯನಾದ ತಮ್ಮ ಆನ್ರಿ ತಂಡಕ್ಕೆ ಬಂದ. 1956ರಿಂದ 1960ರವರೆಗೆ ಸತತ ಐದು ಕಪ್‌ಗಳು. ಅವುಗಳಲ್ಲಿ ನಾಲ್ಕಕ್ಕೆ ಮೊರೀಸರೇ ನಾಯಕರು. 1957ರ ಅಕ್ಟೋಬರ್ 19ರಂದು ಐನೂರನೆಯ ಗೋಲು ಹೊಡೆದ ಮೊದಲಿಗರಾದರು. ತಿಂಗಳೊಳಗೆ ಎದುರಾಳಿಯ ಸ್ಕೇಟಿನ ಅಲಗು ಹಿಮ್ಮಡಿಯ ನರವನ್ನು ಸೀಳಿತು. 1960ರ ಏಪ್ರಿಲ್ 12ರಂದು ಟೊರಾಂಟೊ ವಿರುದ್ಧ ಹೊಡೆದದ್ದೇ ಕೊನೆಯ ಗೋಲು. ಪಂಚಾಂಗ ತೆರೆದು ನೋಡಿದರೆ ಅದೂ ಪವಿತ್ರ ವಾರದ ಮಂಗಳವಾರ. ಹದಿನೆಂಟು ಋತು, 978 ಪಂದ್ಯ, 544 ಗೋಲು. ಕಪ್ಪಿನ ಪಂದ್ಯಗಳಲ್ಲಿ ಬೇರೆಯಾಗಿ 82. ಎಂಟು ಸ್ಟ್ಯಾನ್ಲಿ ಕಪ್‌ಗಳು. ಮೂರು ವರ್ಷಗಳ ಬಳಿಕ ಗೋರ್ಡಿ ಹೋವ್ 544ನ್ನು ದಾಟಿದರು.

ಆಟ ಬಿಟ್ಟ ಮೇಲಿನ ನಾಲ್ಕು ದಶಕ ಅಷ್ಟು ಸುಖದ್ದಲ್ಲ. ತಂಡದವರು ಕೊಟ್ಟ ಹುದ್ದೆ ಹೆಸರಿಗೆ ಮಾತ್ರವೆನಿಸಿ ಮುನಿದು ದೂರವಾದರು. ಮನೆಯ ನೆಲಮಾಳಿಗೆಯಲ್ಲಿ ಮೀನಿನ ಗಾಳದ ದಾರವನ್ನು ಸುತ್ತಿ ಮಾರಿದರು. ಇನ್ನೊಂದು ತಂಡದ ತರಬೇತುದಾರರಾಗಿ ಎರಡೇ ಪಂದ್ಯಕ್ಕೆ ಸಾಕೆಂದು ಮನೆಗೆ ಬಂದರು. ಲುಸೀಲ್ 1994ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 1996ರ ಮಾರ್ಚ್ 11ರಂದು ಹಳೆಯ ಫೋರಂ ಕ್ರೀಡಾಂಗಣವನ್ನು ಮುಚ್ಚುವ ಸಂಜೆ ಅವರ ಹೆಸರು ಕೂಗಿದಾಗ ಎದ್ದು ನಿಂತ ಜನ ಏಳು ನಿಮಿಷಕ್ಕೂ ಹೆಚ್ಚು ಕಾಲ ಚಪ್ಪಾಳೆ ನಿಲ್ಲಿಸಲಿಲ್ಲ. ಮುದುಕರು ಕೈಯಾಡಿಸಿ ಸಾಕೆಂದರು, ಕಣ್ಣೊರೆಸಿಕೊಂಡರು, ಚಪ್ಪಾಳೆ ಮುಂದುವರಿಯಿತು. ಅಲ್ಲಿ ಕುಳಿತಿದ್ದವರಲ್ಲಿ ಅನೇಕರು ಅವರು ಆಡಿದ್ದನ್ನು ಕಂಡವರೇ ಅಲ್ಲ.

ರೋಶ್ ಕಾರಿಯೆ ಎಂಬ ಲೇಖಕರು 1979ರಲ್ಲಿ ಪ್ರಕಟಿಸಿದ ಒಂದು ಕಥೆ ಕೆನಡಾದ ಮಕ್ಕಳಿಗೆಲ್ಲ ಪರಿಚಿತ. ಹಳ್ಳಿಯ ಹುಡುಗರೆಲ್ಲ ರಿಶಾರರ 9ನೇ ಸಂಖ್ಯೆಯ ಅಂಗಿ ತೊಟ್ಟು ಆಡುವಾಗ ಒಬ್ಬ ಬಾಲಕನಿಗೆ ಮಾತ್ರ ತಪ್ಪಾಗಿ ಟೊರಾಂಟೊ ತಂಡದ ಅಂಗಿ ಬರುತ್ತದೆ. ಅವನು ಸಿಟ್ಟಿನಿಂದ ಕೋಲು ಮುರಿದಾಗ ಊರಿನ ಗುರುಗಳು ದೇವಾಲಯಕ್ಕೆ ಹೋಗಿ ದೇವರಲ್ಲಿ ಕ್ಷಮೆ ಬೇಡೆಂದು ಕಳುಹಿಸುತ್ತಾರೆ; ಹುಡುಗ ಅಲ್ಲಿ ಕುಳಿತು, ಆ ಅಂಗಿಯನ್ನು ನುಸಿಗಳು ತಿಂದುಹಾಕಲೆಂದು ಬೇಡಿಕೊಳ್ಳುತ್ತಾನೆ. ನಮ್ಮ ಮನೆಯ ಮಕ್ಕಳ ಪ್ರಾರ್ಥನೆಗಳೂ ಇಂತಹವೇ ಇರುತ್ತವೆ. 2002ರಲ್ಲಿ ಆ ದೇಶ ಹೊರತಂದ ಐದು ಡಾಲರಿನ ನೋಟಿನ ಹಿಂಬದಿಯಲ್ಲಿ ಈ ಕಥೆಯ ಸಾಲುಗಳನ್ನೂ, ಮಂಜಿನ ಮೇಲೆ ಆಡುವ ಮಕ್ಕಳನ್ನೂ ಮುದ್ರಿಸಿದರು.

ಅದನ್ನು ಕಾಣಲು ರಿಶಾರ್ ಇರಲಿಲ್ಲ. 1998ರಲ್ಲಿ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಗಿತ್ತು. 2000ದ ಮೇ 27ರಂದು, ತಮ್ಮ 78ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂಡದ ಹೊಸ ಕ್ರೀಡಾಂಗಣದಲ್ಲಿ ಇರಿಸಿದ ಪಾರ್ಥಿವ ಶರೀರದ ಮುಂದೆ 1,15,000ಕ್ಕೂ ಹೆಚ್ಚು ಜನ ಸಾಲಾಗಿ ಹಾದು ಹೋದರು. ಮೇ 31ರ ಬುಧವಾರ, ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಹಬ್ಬದಂದು, ಮಾಂಟ್ರಿಯಲ್ಲಿನ ನೋತ್ರ್ ದಾಮ್ ಬೆಸಿಲಿಕಾದಲ್ಲಿ ಕಾರ್ಡಿನಲ್ ಜಾನ್-ಕ್ಲೋದ್ ತುರ್ಕೋತ್ ಅವರ ನೇತೃತ್ವದಲ್ಲಿ ಅಂತ್ಯಸಂಸ್ಕಾರದ ಬಲಿಪೂಜೆ ನಡೆಯಿತು. ಕ್ವೆಬೆಕ್ ಸರಕಾರ ಒಬ್ಬ ಆಟಗಾರನಿಗೆ ರಾಜ್ಯ ಗೌರವದ ಅಂತ್ಯಕ್ರಿಯೆ ನಡೆಸಿದ್ದು ಅದೇ ಮೊದಲು. ಜೊತೆಯಲ್ಲಿ ಆಡಿದ ಎಲ್ಮರ್ ಲಾಕ್ ಮೊದಲಾದ ವೃದ್ಧರು ಬಂದಿದ್ದರು. ಮೌಂಟ್ ರಾಯಲ್ ಗುಡ್ಡದ ಇಳಿಜಾರಿನಲ್ಲಿರುವ ಹಿಮದ ಮಾತೆಯ ಹೆಸರಿನ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದರು.